ಎಂಟು ಸೀಟಿನ ಜರ್ಮನಿ ಬಸ್ಸು

ನಮ್ಮ ಭಾವನವರ ಕೈಗೆ ಒಂದು ಬಾಳೆಹಣ್ಣು ಕೊಟ್ಟು ನೋಡಿ. ಅದು ಏಳು ಜನರ ಬಾಯಿ ಸೇರುತ್ತದೆ. ಆ ಏಳರಲ್ಲಿ ಭಾವನವರ ಬಾಯಿ ಮಾತ್ರ ಇರುವುದಿಲ್ಲ! ಉಳಿದ ಸಿಪ್ಪೆಯನ್ನಾದರೂ ಸುಮ್ಮನೆ ಬಿಸಾಡುತ್ತಾರೆಯೇ? ಅದನ್ನು ಹಿಡಿದು ಬೀದಿಯ ಕೊನೆಯವರೆಗೆ ನಡೆದು, ಯಾವ ಹಸು ಬೆಳಗ್ಗಿನಿಂದ ಏನೂ ತಿಂದಿಲ್ಲ ಎಂದು ಮುಖ ನೋಡಿ ತೀರ್ಮಾನಿಸಿ, ಅದಕ್ಕೇ ತಿನ್ನಿಸಿ ಬರುತ್ತಾರೆ.

ಇವರು ನನ್ನ ಯಜಮಾನರ ಅಣ್ಣ. ನಮ್ಮ ಜೊತೆಯಲ್ಲೇ, ಹೊಳೆನರಸೀಪುರದ ಈ ಮನೆಯ ಮಹಡಿ ಕೋಣೆಯಲ್ಲಿದ್ದಾರೆ. ಮದುವೆಯಾಗಲಿಲ್ಲ. ಯಾಕೆ ಭಾವ ಅಂದರೆ, "ಟೈಮ್ ಎಲ್ಲಿತ್ತಮ್ಮ, ಟ್ರಿಪ್ ಮೇಲೆ ಟ್ರಿಪ್ಪು" ಅನ್ನುತ್ತಾರೆ. ಹೊಳೆನರಸೀಪುರದಿಂದ ಅರಕಲಗೂಡು, ಅಲ್ಲಿಂದ ಕೊಣನೂರು, ಈ ದಾರಿಯ ಬಸ್ಸಿನಲ್ಲಿ ಕಂಡಕ್ಟರಾಗಿ ತಲೆ ಬೆಳ್ಳಗೆ ಮಾಡಿಕೊಂಡವರು ಅವರು. ನಿವೃತ್ತರಾಗಿ ಎಷ್ಟೋ ವರ್ಷವಾಯಿತು. ಬಸ್ಸು ಅವರನ್ನು ಇಳಿಸಿತೇ ಹೊರತು ಅವರು ಇವತ್ತಿಗೂ ಬಸ್ಸಿನಿಂದ ಇಳಿದಿಲ್ಲ. ಐವತ್ತು ಜನ ಕೂರುವ ಕಡೆ ತೊಂಬತ್ತು ಜನರನ್ನು ತುಂಬಿ, ಬಸ್ಸಿನ ಮಗ್ಗುಲಿಗೆ ಅಂಗೈಯಿಂದ ಎರಡು ಸಲ ಬಡಿದು "ರೈಟ್, ರೈಟ್!" ಅಂದ ಮನುಷ್ಯ. ಅವರ ಸಿದ್ಧಾಂತ ಒಂದೇ: ಈ ಲೋಕದಲ್ಲಿ ಬೇಕಾದಷ್ಟು ಜಾಗ ಇದೆ, ಜನ ಒಳಕ್ಕೆ ಸರಿಯುವುದಿಲ್ಲ ಅಷ್ಟೆ!

ನಮ್ಮ ಮನೆಗೆ ದಿನಪತ್ರಿಕೆ ಬರುತ್ತದೆ ಅಂತ ಹೇಳಿಕೊಳ್ಳುವುದಕ್ಕೂ ನನಗೆ ಸಂಕೋಚ. ಬೆಳಗ್ಗೆ ಆರಕ್ಕೆ ಬಂದದ್ದು ಆರೂಕಾಲಕ್ಕೆ ಹಾಳೆ ಹಾಳೆಯಾಗಿ ನಾಲ್ಕು ಮನೆಗೆ ಹೊರಟುಹೋಗಿರುತ್ತದೆ. ಮೊದಲ ಪುಟದ ಸುದ್ದಿ ಆರನೇ ಪುಟಕ್ಕೆ ಮುಂದುವರಿದಿದ್ದರೆ ನಾನು ಸೆರಗು ಹೊದ್ದು, ಬೀದಿ ದಾಟಿ, ಟೈಲರ್ ಅಂಗಡಿಯ ತನಕ ನಡೆಯಬೇಕು. ಅಲ್ಲಿ ಟೈಲರು ಆ ಪುಟದ ಮೇಲೆ ಬ್ಲೌಸು ಕತ್ತರಿಸುತ್ತಾ ಕೂತಿರುತ್ತಾರೆ. ಎಷ್ಟೋ ಸುದ್ದಿಗಳ ಕೊನೆ ನನಗೆ ತೋಳಿನ ಅಳತೆಯ ಪಕ್ಕದಲ್ಲೇ ಸಿಕ್ಕಿದೆ. ಓದಲು ಕಣ್ಣು ಕೊಟ್ಟಿದ್ದಾನಲ್ಲ ಶಿವ, ಅಷ್ಟು ಸಾಕು ಅಂದುಕೊಂಡು ವಾಪಸ್ಸು ಬರುತ್ತೇನೆ.

ಫ್ಯಾನಿನ ಕಥೆ ಕೇಳಬೇಕು ನೀವು. ನಮಗೂ ಪಕ್ಕದ ಚಂದ್ರಕ್ಕನ ಮನೆಗೂ ನಡುವೆ ಒಂದೇ ಗೋಡೆ, ಆ ಗೋಡೆಯಲ್ಲಿ ಒಂದು ಕಿಟಕಿ. ಒಂದು ಬೇಸಿಗೆಯಲ್ಲಿ ಚಂದ್ರಕ್ಕನ ಫ್ಯಾನು ಕೆಟ್ಟಿತು. ನಮ್ಮ ಭಾವ ಏನು ಮಾಡಿದರು? ನಮ್ಮ ಟೇಬಲ್ ಫ್ಯಾನನ್ನು ಆ ಕಿಟಕಿಯಲ್ಲಿಟ್ಟು, ತಿರುಗುವ ಗುಂಡಿ ಒತ್ತಿದರು. ಅದು ಒಂದು ಸಲ ನಮ್ಮ ಕಡೆ, ಒಂದು ಸಲ ಅವರ ಕಡೆ! ನಮ್ಮ ಕಡೆ ಬಂದಾಗ ನಾನು "ಉಸ್ಸಪ್ಪಾ" ಅನ್ನುವುದು, ಆ ಕಡೆ ಹೋದಾಗ ಚಂದ್ರಕ್ಕ "ಉಸ್ಸಪ್ಪಾ" ಅನ್ನುವುದು. ಎರಡು ಮನೆಯ ಹೆಂಗಸರು ಸರದಿಯ ಮೇಲೆ ಉಸಿರಾಡಿದ ಬೇಸಿಗೆ ಅದು. ಚಂದ್ರಕ್ಕನ ಫ್ಯಾನು ರಿಪೇರಿಯಾಗಿ ಬಂದರೂ ನಮ್ಮದು ಆ ಕಿಟಕಿ ಬಿಟ್ಟು ಬರಲೇ ಇಲ್ಲ.

ಚಂದ್ರಕ್ಕನ ವಿಷಯ ಇನ್ನೊಂದು ಮಾತು ಹೇಳಬೇಕು. ಅವರ ತವರು ಕೊಣನೂರಿನ ಕಡೆ. ಅವರ ಮನೆಯ ಗೋಡೆಯಲ್ಲಿ ಮನೆದೇವತೆ ಮಂಚಮ್ಮನ ಪಟದ ಪಕ್ಕ ಬುದ್ಧನ ಪಟ ಇದೆ. ನಮ್ಮ ಅತ್ತೆಯವರ ಕಾಲದಲ್ಲಿ ನಮ್ಮ ಮನೆಯ ಹೆಪ್ಪು ಬೀದಿಯಲ್ಲಿ ಕೇಳಿದ ಎಲ್ಲರಿಗೂ ಹೋಗುತ್ತಿತ್ತು, ಆ ಮನೆಗೆ ಹೋಗುತ್ತಿರಲಿಲ್ಲ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ನಿಮಗೂ ಗೊತ್ತು. ಮೊದಲು ಕೊಟ್ಟವರು ಭಾವನವರು. ಒಂದು ಚಮಚ ಮೊಸರನ್ನು ಲೋಟದಲ್ಲಿ ಹಾಕಿಕೊಂಡು ಹೋಗಿ ಕೊಟ್ಟು ಬಂದರಂತೆ. ಅತ್ತೆಯವರು ಮೂರು ದಿನ ಮಾತು ಬಿಟ್ಟರಂತೆ. ನಾಲ್ಕನೆಯ ದಿನ ಭಾವ, "ಅವ್ವ, ಹೆಪ್ಪು ಕೊಟ್ಟೂ ನಮ್ ಮೊಸರು ಹೆಪ್ಪಾಯ್ತಲ್ಲ!" ಅಂದರಂತೆ. ನಾನು ಈ ಮನೆಗೆ ಬರುವ ಹೊತ್ತಿಗೆ ಆ ಲೋಟ ದಿನಾ ಓಡಾಡುತ್ತಿತ್ತು. ಆದರೆ ಅತ್ತೆಯವರ ಇನ್ನೊಂದು ಕಟ್ಟಳೆ ಹಾಗೇ ಉಳಿಯಿತು, ಅದನ್ನು ನಾನೂ ಬಿಟ್ಟಿಲ್ಲ: ಮಂಗಳವಾರ, ಶುಕ್ರವಾರ ದೀಪ ಹಚ್ಚಿದ ಮೇಲೆ ಹೆಪ್ಪು, ಉಪ್ಪು, ಸೂಜಿ ಯಾವುದೂ ಮನೆಯಿಂದ ಹೊರಗೆ ಹೋಗಬಾರದು.

ಈಗ ಜರ್ಮನಿಗೆ ಬರೋಣ.

ಚಂದ್ರಕ್ಕನ ಮಗಳು ಪವಿತ್ರ ನರ್ಸಿಂಗ್ ಓದಿದವಳು. ಅರಕಲಗೂಡಿನ ಕಾಲೇಜಿಗೆ ಹೋಗುವಾಗ ಭಾವನವರ ಬಸ್ಸಿನಲ್ಲೇ ಹೋಗುತ್ತಿದ್ದಳು. ದಿನಾ ಒಂದು ನಿಮಿಷ ತಡ. ಜಡೆಗೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಾ ಬೀದಿಯಲ್ಲಿ ಓಡಿ ಬರುವುದು, ಭಾವ ಬಾಗಿಲಲ್ಲಿ ನೇತಾಡುತ್ತಾ ಡ್ರೈವರಿಗೆ "ತಡೀ ಮಾರಾಯ, ಒಂದು ಮಗ ಓಡ್ಬತ್ತಾ ಅದೆ" ಅನ್ನುವುದು. ಆ ಪವಿತ್ರ ಈಗ ಜರ್ಮನಿಯ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸು. ಊರಿನ ಹೆಸರು ನನ್ನ ನಾಲಿಗೆಗೆ ತಿರುಗುವುದಿಲ್ಲ, ಕ್ಷಮಿಸಿ.

ಈ ಚಳಿಗಾಲದಲ್ಲಿ ಹುಡುಗಿ ಮಂಜಿನ ಮೇಲೆ ಜಾರಿ ಬಿದ್ದು ಎಡಗಾಲಿನ ಹರಡಿನ ಮೂಳೆ ಮುರಿದುಕೊಂಡಳು. ಪಟ್ಟಿ ಹಾಕಿಸಿಕೊಂಡು ಮನೆಯಲ್ಲಿ ಕೂತಳು. ದಿನಾ ವಿಡಿಯೋ ಕಾಲ್ ಮಾಡುತ್ತಾಳೆ, ನಗುತ್ತಾಳೆ, "ಪಟ್ಟಿ ಬಿಚ್ಚಿದ್ರು ಕಣಮ್ಮ, ಪೂರ್ತಿ ಸರಿಹೋಗಿದೆ" ಅನ್ನುತ್ತಾಳೆ. ಚಂದ್ರಕ್ಕನಿಗೆ ನಂಬಿಕೆ ಇಲ್ಲ. ಊಟ ಸೇರುವುದಿಲ್ಲ. ಮುದ್ದೆ ತಟ್ಟೆಯಲ್ಲೇ ಒಣಗುತ್ತದೆ.

"ಮಖ ಕಾಣ್ತದೆ ಕಣವ್ವ, ಕಾಲೆಲ್ಲಿ ಕಾಣ್ತದೆ?" ಅಂದರು ನನ್ನ ಹತ್ತಿರ. "ಮಖ ನಗಿಸ್ಬೋದು. ನಡ್ಗೆನ ನಗ್ಸಕ್ಕಾಯ್ತದಾ? ನನ್ ಮಗ್ಳು ನಾಕೆಜ್ಜೆ ನಡ್ದದ್ನ ನೋಡುದ್ರೆ ನಂಗೆ ಎಲ್ಲಾ ಗೊತ್ತಾಯ್ತದೆ."

"ಫೋನ್ ದೂರ ಇಟ್ಟು ನಡಿ ಅನ್ನಿ."

"ಅಂದೆ. ನಮ್ಮಮ್ಮ ನೋಡ್ತಾವ್ಳೆ ಅಂತ ಅಲ್ಲು ಕಚ್ಕೊಂಡು ನೆಟ್ಟಗೆ ನಡದ್ಲು. ಗೊತ್ತಾಗಾಕಿಲ್ವಾ ನಂಗೆ?"

ಒಂದು ದಿನ ಮಾತಿನ ನಡುವೆ ಪವಿತ್ರಳೇ ಹೇಳಿದ್ದಳು, ಅವರ ಊರಿನ ಚೌಕದಲ್ಲಿ ಒಂದು ಕ್ಯಾಮೆರಾ ಇದೆ, ಹಿಮ ಬಿದ್ದಿದೆಯೋ ಇಲ್ಲವೋ ಅಂತ ಊರಿನವರು ಮನೆಯಲ್ಲೇ ಕೂತು ನೋಡಿಕೊಳ್ಳುತ್ತಾರೆ, ತಾನು ಡ್ಯೂಟಿಗೆ ಹೋಗುವುದೂ ಆ ಚೌಕ ದಾಟಿಯೇ ಅಂತ. ಕಿಟಕಿಯ ಈ ಕಡೆ ಫ್ಯಾನಿಗೆ ಎಣ್ಣೆ ಬಿಡುತ್ತಿದ್ದ ನಮ್ಮ ಭಾವನವರ ಕಿವಿ ನೆಟ್ಟಗಾಯಿತು!

ಮಹಡಿಯ ಕಂಪ್ಯೂಟರಿನಲ್ಲಿ ಆ ಚೌಕವನ್ನು ಹುಡುಕಿದರು. ಸಿಕ್ಕಿತು. ಒತ್ತಿದರೆ, ನಿಮ್ಮ ದೇಶದವರಿಗೆ ಇದು ಕಾಣಿಸುವುದಿಲ್ಲ ಅಂತ ಬಂತು. ಭಾವನವರಿಗೆ ಬಂದ ಸಿಟ್ಟನ್ನು ನಾನು ಆ ಮೊದಲು ನೋಡಿರಲಿಲ್ಲ. "ಖಾಲಿ ಚೌಕ ಕಣಮ್ಮ! ಬಸ್ಸಲ್ಲಿ ಜಾಗ ಇಟ್ಕೊಂಡು ಹತ್ತಿಸ್ಕೊಳಲ್ಲ ಅಂದ್ರೆ ಏನರ್ಥ?" ಅಂದವರೇ ಹಾಸನದ ಬಸ್ಸು ಹತ್ತಿದರು. ಕಂಪ್ಯೂಟರ್ ರಿಪೇರಿ ಅಂಗಡಿಯೊಂದರಲ್ಲಿ ಇಡೀ ದಿನ ಕೂತು, ವಿಪಿಎನ್ ಅನ್ನುವ ವಿದ್ಯೆ ಕಲಿತು ಬಂದರು.

"ಏನು ಭಾವ ಅದು?"

"ನೋಡಮ್ಮ, ನಾವು ಇಂಟರ್‌ನೆಟ್‌ನಲ್ಲಿ ಹೋದ್ರೆ ಬಾಗಿಲಲ್ಲಿ ಒಬ್ಬ ನಿಂತಿರ್ತಾನೆ. ಯಾವೂರಿಂದ ಬಂದೆ ಅಂತ ನೋಡ್ತಾನೆ. ಹೊಳೆನರಸೀಪುರ ಅಂದ್ರೆ ಆಚೆ ಹೋಗು ಅಂತಾನೆ. ಈ ವಿಪಿಎನ್ನು ಅನ್ನೋದು ಗುಟ್ಟಾಗಿ ನಮ್ಮನ್ನ ಜರ್ಮನಿ ತನಕ ಕರ್ಕೊಂಡೋಗಿ ಇಳಿಸ್ತದೆ. ಅಲ್ಲಿಂದ ನಾವು ಊರೊಳಗಿನ ಬಸ್ಸು ಹತ್ತಿ ಹೋಗ್ತೀವಿ. ಬಾಗಿಲಲ್ಲಿರೋನು ಇವ್ರು ನಮ್ಮೂರೋರೇ ಅಂದ್ಕೋತಾನೆ."

"ಅಯ್ಯೋ ಶಿವನೇ! ಸುಳ್ಳಲ್ವಾ ಭಾವ ಅದು?"

"ನಾನೇನೂ ಹೇಳ್ಲಿಲ್ವಲ್ಲಮ್ಮ. ಅವನೇ ಅಂದ್ಕೊಂಡ."

ಇರಲಿ ಅಂತ ಅವತ್ತು ಒಂದು ಕರ್ಪೂರ ಜಾಸ್ತಿ ಹಚ್ಚಿದೆ.

ಆದರೆ ಆ ವಿಪಿಎನ್ನು ಒಂದೇ ಯಂತ್ರಕ್ಕೆ ಅಂತ ಕೊಟ್ಟದ್ದು. ಭಾವ ಅದನ್ನು ಹಾಕಿದ್ದು ಮಹಡಿಯ ಕಂಪ್ಯೂಟರಿಗೆ. ಚಂದ್ರಕ್ಕನಿಗೋ ಮಂಡಿ ನೋವು, ನಮ್ಮ ಮಹಡಿಗೆ ಹದಿನಾರು ಮೆಟ್ಟಿಲು. "ನನ್ನ ಫೋನಿಗೇ ಹಾಕಬಹುದಿತ್ತಲ್ಲ ಭಾವ, ಅವರ ಮನೆಗೇ ತೆಗೆದುಕೊಂಡು ಹೋಗಿ ತೋರಿಸುತ್ತಿದ್ದೆ" ಅಂದೆ. ಇಂಥ ದಡ್ಡಿಯನ್ನು ಈ ಮನೆಗೆ ಯಾರು ತಂದರು ಅನ್ನುವ ಹಾಗೆ ನೋಡಿದರು. "ಫೋನಿಗೆ ಹಾಕಿದ್ರೆ ಒಂದು ಫೋನಲ್ಲಿ ಕಾಣ್ತದೆ. ಕಂಪ್ಯೂಟರಿಗೆ ಹಾಕಿದ್ರೆ ಅಲ್ಲಿಂದ ಎಲ್ರಿಗೂ ಹಂಚ್ಬೋದು!"

"ಹಂಚಿದರೆ ನಮಗೆ ಕಮ್ಮಿಯಾಗಲ್ವಾ?"

"ಹೆಪ್ಪು ಕೊಟ್ರೆ ಮೊಸರು ಕಮ್ಮಿಯಾಯ್ತದೇನಮ್ಮ? ಇದೂ ಹೆಪ್ಪೇ ಅಂತ ತಿಳ್ಕೊ."

ತಿಳಿದುಕೊಂಡೆ. ಅದೇ ಆಮೇಲೆ ಅನರ್ಥಕ್ಕೆ ಕಾರಣವಾದದ್ದು.

ಹಂಚುವುದು ಸುಲಭವಾಗಲಿಲ್ಲ. ಕಂಪ್ಯೂಟರಿನಲ್ಲಿ ಹಾಟ್‌ಸ್ಪಾಟ್ ಹಾಕಿದರು, ಕೆಳಗೆ ನನ್ನ ಫೋನು ಅದಕ್ಕೆ ಸೇರಿಕೊಂಡಿತು, ಚೌಕ ಒತ್ತಿದರೆ ಮತ್ತೆ ಅದೇ ಮಾತು: ನಿಮ್ಮ ದೇಶದವರಿಗೆ ಕಾಣಿಸುವುದಿಲ್ಲ! ಮೂರು ದಿನ ಹೀಗೇ. ಕೊನೆಗೆ ತಪ್ಪು ಗೊತ್ತಾಯಿತು. ಹಾಟ್‌ಸ್ಪಾಟು ನಮ್ಮ ಮಾಮೂಲಿ ಇಂಟರ್‌ನೆಟ್ಟನ್ನೇ ಹಂಚುತ್ತಿತ್ತು, ವಿಪಿಎನ್ನನ್ನಲ್ಲ. "ಜನ ಹತ್ತಿದ್ರು, ಬಸ್ಸೂ ಹೊಂಟ್ತು, ಬೋರ್ಡು ಮಾತ್ರ ಇಲ್ಲೇ ಪಕ್ಕದ ಹಳೇಕೋಟೆ ಅಂತಿತ್ತು ಕಣಮ್ಮ!" ಅಂದರು ಭಾವ. ಒಳಗೆ ಎಲ್ಲೋ ವಿಪಿಎನ್ನಿನ ಹೆಸರಿನ ಮೇಲೆ ಒತ್ತಿ, ಬೇರೆಯವರೂ ಇದನ್ನು ಬಳಸಬಹುದು ಅನ್ನುವ ಕಡೆ ಒಂದು ಸರಿ ಗುರುತು ಹಾಕಿ, ಯಾರಿಗೆ ಅನ್ನುವ ಕಡೆ ಹಾಟ್‌ಸ್ಪಾಟನ್ನು ತೋರಿಸಬೇಕಿತ್ತಂತೆ. ಭಾನುವಾರ ಆ ಸರಿ ಗುರುತು ಬಿದ್ದದ್ದೇ, ನನ್ನ ಫೋನಿನಲ್ಲಿ ಕಲ್ಲು ಹಾಸಿದ ಚೌಕ, ಮಧ್ಯೆ ನಿಂತುಹೋದ ಕಾರಂಜಿ, ಬೂದಿ ಬಣ್ಣದ ಆಕಾಶ! ಮೇಲಿನಿಂದ ಕಂಪ್ಯೂಟರಿನ ಮಗ್ಗುಲಿಗೆ ಎರಡು ಸಲ ಬಡಿದ ಸದ್ದು ಕೇಳಿತು. "ರೈಟ್, ರೈಟ್!"

ಇನ್ನು ಬೀದಿಯವರು ಬಿಡುತ್ತಾರೆಯೇ? ಭಾವ ಬಿಡುತ್ತಾರೆಯೇ! ಎಂಟು ಫೋನಿಗಿಂತ ಹೆಚ್ಚು ಸೇರಿಸಿಕೊಳ್ಳುವುದಿಲ್ಲ ಅಂತ ಕಂಪ್ಯೂಟರು ಖಡಾಖಂಡಿತವಾಗಿ ಹೇಳಿತು. "ಎಂಟೇ ಸೀಟಾ? ಒಂಚೂರು ಒಳಕ್ಕೆ ಸರೀರಿ ಅನ್ನಕ್ಕೂ ಬರಲ್ವಲ್ಲ ಇದ್ಕೆ!" ಅಂತ ಭಾವ ಹಲುಬಿದರು. ಚಂದ್ರಕ್ಕ, ನಾನು, ನನ್ನ ಯಜಮಾನರು, ಟೈಲರು, ಹಾಲಿನ ರತ್ನಮ್ಮ, ಎದುರುಮನೆ ಟೀಚರು, ಅವರ ಅತ್ತೆ, ಹೂವಿನ ಲಕ್ಷ್ಮಮ್ಮ. ಎಂಟೂ ಭರ್ತಿ.

ಆಮೇಲಿನ ಅವಾಂತರ ಏನು ಹೇಳಲಿ! ಟೀಚರ ಫೋನಿಗೆ ಉಣ್ಣೆಯ ಕೋಟಿನ ಜಾಹೀರಾತು ಬರತೊಡಗಿತು. ಮಧ್ಯಾಹ್ನದ ಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳುತ್ತಾ "ಬಣ್ಣ ಚೆನ್ನಾಗಿದೆ ಕಣ್ರೀ" ಅಂತ ನನಗೆ ತೋರಿಸಿದರು. ನನ್ನದು ಇನ್ನೂ ಚಂದ. ಸೋಮವಾರ ಬೆಳಗ್ಗೆ ಫೋನಿನಲ್ಲಿ ಪಂಚಾಂಗ ತೆಗೆದರೆ ಸೂರ್ಯೋದಯ ಎಂಟು ಗಂಟೆಗೆ ಅಂತ ತೋರಿಸಿತು. ಕಣ್ಣೆದುರಿಗೆ ಬಿಸಿಲು ಬಿದ್ದಿದೆ, ನಾನು ಮಾತ್ರ ಇನ್ನೂ ಸೂರ್ಯ ಹುಟ್ಟಿಲ್ಲ ಅಂತ ಪೂಜೆಗೆ ಕೂರದೆ ಕಾದೆ! ಯಜಮಾನರು ಕಾಫಿಗೆ ಕಾದು ಕಾದು, "ನಿನ್ ಸೂರ್ಯ ಎಲ್ಲಿ ಕೆಟ್ಟು ನಿಂತಿದಾನೆ?" ಅಂತ ಕೇಳಿದಾಗಲೇ ತಿಳಿದದ್ದು, ಅದು ಜರ್ಮನಿಯ ಸೂರ್ಯ ಅಂತ.

ಸಂಜೆ ಆರು ಕಳೆದರೆ ಎಂಟು ಫೋನೂ ಆ ಚೌಕಕ್ಕೆ ಹಾಜರು. ಪವಿತ್ರ ಇನ್ನೂ ರಜೆಯಲ್ಲಿದ್ದಳು, ಅವಳು ಬರುವುದಿಲ್ಲ ಅಂತ ಗೊತ್ತು. ಆದರೂ ಪಾರಿವಾಳ ನೋಡುವುದು. ದಿನಾ ಅದೇ ಹೊತ್ತಿಗೆ ಒಬ್ಬ ಮುದುಕ ಒಂದು ಗಿಡ್ಡ ನಾಯಿ ಹಿಡಿದುಕೊಂಡು ಬರುತ್ತಿದ್ದ. ರತ್ನಮ್ಮ ಆ ನಾಯಿಗೆ ಕರಿಯ ಅಂತ ಹೆಸರಿಟ್ಟಳು. ಗುರುವಾರ ಮುದುಕ ಬರಲಿಲ್ಲ. ನಮ್ಮ ಬೀದಿಯಲ್ಲಿ ಆ ಸಂಜೆ ಯಾರಿಗೂ ಸಮಾಧಾನವಿಲ್ಲ!

ಶುಕ್ರವಾರ ಬಂತು. ಭಾವ ಯಾರದೋ ಮನೆಯ ನಾಮಕರಣಕ್ಕೆ ಅಂತ ಬೆಳಗ್ಗೆಯೇ ಅರಕಲಗೂಡಿಗೆ ಹೋಗಿದ್ದರು. ಸಂಜೆ ನಾನು ಕೈಕಾಲು ತೊಳೆದು, ವಿಭೂತಿ ಇಟ್ಟುಕೊಂಡು, ದೀಪ ಹಚ್ಚಿದೆ. ಹಚ್ಚಿ ತಲೆ ಎತ್ತಿದಾಗ, ಮಂಗಳವಾರ ಚೌಕದ ಗುಂಗಿನಲ್ಲಿ ಮರೆತೇಬಿಟ್ಟಿದ್ದ ಕಟ್ಟಳೆ ನೆನಪಾಯಿತು. ಶುಕ್ರವಾರ! ದೀಪ ಹಚ್ಚಿಯಾಗಿದೆ! ಮೇಲಿನಿಂದ ಹೆಪ್ಪು ಎಂಟು ಫೋನಿಗೆ ಹೋಗುತ್ತಲೇ ಇದೆ! ಹದಿನಾರು ಮೆಟ್ಟಿಲು ಒಂದೇ ಉಸಿರಿಗೆ ಹತ್ತಿ ಕಂಪ್ಯೂಟರು ಆರಿಸಿಬಿಟ್ಟೆ. ಸದ್ಯ, ಇವತ್ತಾದರೂ ನೆನಪಾಯಿತಲ್ಲ, ಅದೇ ಶಿವನ ದಯೆ ಅಂದುಕೊಂಡು ಇಳಿದು ಬಂದೆ. ಯಾರೂ ಬಂದು ಕೇಳಲಿಲ್ಲ.

ಮಾರನೆಯ ದಿನ ಭಾವ ಬಂದರು. ಚಂದ್ರಕ್ಕನ ಮನೆಗೆ ಹೋಗಿ ಬಂದು, ಬಾಗಿಲಲ್ಲೇ ನಿಂತು ಕೇಳಿದರು.

"ಯಾರಮ್ಮ ಆರ್ಸಿದ್ದು?"

"ನಾನೇ ಭಾವ. ಶುಕ್ರವಾರ ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದಲ್ಲ."

"ಹೆಪ್ಪಾ?"

"ನೀವೇ ತಾನೇ ಹೇಳಿದ್ದು, ಅದೂ ಹೆಪ್ಪೇ ಅಂತ!"

ಭಾವ ಚಪ್ಪಲಿ ಬಿಟ್ಟು ಒಳಗೆ ಬಂದರು. ಆಮೇಲೆ ನಿಧಾನವಾಗಿ ಹೇಳಿದರು. ಪವಿತ್ರ ಮತ್ತೆ ಡ್ಯೂಟಿಗೆ ಸೇರಿದ್ದು ನಿನ್ನೆಯೇ. ಅವಳು ಬೆಳಗ್ಗೆ ಫೋನಿನಲ್ಲಿ ಹೇಳಿದ್ದಳಂತೆ. ಚಂದ್ರಕ್ಕ ಆರು ಗಂಟೆಗೇ ಫೋನನ್ನು ರಾಗಿ ಡಬ್ಬಕ್ಕೆ ಒರಗಿಸಿಟ್ಟುಕೊಂಡು ಕೂತಿದ್ದರಂತೆ. ಮುದುಕ ಬಂದ, ಕರಿಯ ಬಂತು, ಅಷ್ಟರಲ್ಲಿ ಚೌಕ ಮಾಯವಾಯಿತಂತೆ.

ನಾನು ಹಾಗೇ ಪಕ್ಕದ ಮನೆಗೆ ಹೋದೆ. ಹೊಸಿಲಲ್ಲೇ ನಿಂತೆ. ಚಂದ್ರಕ್ಕನೇ ನಗುತ್ತಾ ಅಂದರು:

"ಇರ್ಲಿ ಬುಡವ್ವ, ಅದ್ಕ್ಯಾಕೆ ಅಂಗೆ ನಿಂತಿದ್ದೀಯ? ಸುಕ್ರವಾರ ದೀಪ ಅಚ್ಚುದ್ ಮ್ಯಾಲೆ ಕೊಡಾಕಿಲ್ಲ ಅಂತ ನಂಗೂ ಗೊತ್ತಿಲ್ವಾ? ನಿಮ್ಮತ್ತೆ ಅಗ್ಲೊತ್ನಾಗೂ ಕೊಡ್ತಿರ್ನಿಲ್ಲ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು!

ಇನ್ನೊಂದು ಫಜೀತಿ ನೋಡಿ. ಕಾಲು ಹೊಸದಾಗಿ ಕೂಡಿದ್ದರಿಂದ ಪವಿತ್ರಳಿಗೆ ಸದ್ಯಕ್ಕೆ ವಾರದಲ್ಲಿ ಎರಡೇ ದಿನ ಡ್ಯೂಟಿ. ಯಾವ ಎರಡು ದಿನ? ಮಂಗಳವಾರ, ಶುಕ್ರವಾರ! ಅಲ್ಲಿ ಮಧ್ಯಾಹ್ನ, ಇಲ್ಲಿ ಸರಿಯಾಗಿ ದೀಪ ಹಚ್ಚುವ ಹೊತ್ತು. ಜರ್ಮನಿಯ ಡಾಕ್ಟರಿಗೆ ನಮ್ಮ ಅತ್ತೆಯವರ ಕಟ್ಟಳೆಯನ್ನು ಯಾರು ಹೇಳಿಕೊಟ್ಟರೋ ಕಾಣೆ.

ಸೋಮವಾರ ಭಾವನವರನ್ನು ಕೇಳಿಯೇ ಬಿಟ್ಟೆ. "ಭಾವ, ಅತ್ತೆಯವರ ಮಾತು ಮೀರಕ್ಕೆ ನನ್ನಿಂದ ಆಗಲ್ಲ. ಚಂದ್ರಕ್ಕನ ಮುಖ ನೋಡಕ್ಕೂ ಆಗಲ್ಲ. ಏನು ಮಾಡಲಿ ಹೇಳಿ."

ಭಾವ ಫ್ಯಾನಿನ ಕಡೆ ನೋಡುತ್ತಾ ಕೂತಿದ್ದರು. ಅದು ತನ್ನ ಪಾಡಿಗೆ ಈ ಕಡೆಯಿಂದ ಆ ಕಡೆಗೆ ತಿರುಗುತ್ತಿತ್ತು.

"ಅವ್ವ ಏನಂದಿದ್ಲು? ಮನೆಯಿಂದ ಹೊರಕ್ಕೆ ಕೊಡಬಾರದು ಅಂತ ತಾನೇ?"

"ಹೌದು."

"ಈ ಫ್ಯಾನು ತಿರುಗೋಷ್ಟು ದೂರ ಎಲ್ಲಾ ಒಂದೇ ಮನೆ ಕಣಮ್ಮ. ಒಳಗೊಳಗೇ ಕೊಟ್ಕೊಂಡ್ರೆ ಅದು ಕೊಟ್ಟಂಗಾ?"

ಮಂಗಳವಾರ ಸಂಜೆ ದೀಪ ಹಚ್ಚಿದೆ. ಅತ್ತೆಯವರ ಫೋಟೋಗೆ ಕೈ ಮುಗಿದು, ಕಿಟಕಿಯ ಕಡೆ ಒಂದು ಸಲ ನೋಡಿ, ಚಂದ್ರಕ್ಕನ ಮನೆಗೆ ಹೋದೆ. ಬುದ್ಧನ ಪಟದ ಮುಂದೆಯೂ ದೀಪ ಉರಿಯುತ್ತಿತ್ತು. ರತ್ನಮ್ಮ, ಟೀಚರು, ಲಕ್ಷ್ಮಮ್ಮ ಎಲ್ಲರೂ ತಮ್ಮ ತಮ್ಮ ಫೋನು ಹಿಡಿದು ಅಲ್ಲೇ ಬಂದು ಕೂತಿದ್ದರು. ಪವಿತ್ರಳಿಗೆ ಏನೂ ಹೇಳಿರಲಿಲ್ಲ. "ಗೊತ್ತಾದ್ರೆ ಚೌಕದಾಗೂ ನೆಟ್ಟಗ್ ನಡ್ದಂಗೆ ಮಾಡ್ತಾಳೆ" ಅಂದಿದ್ದರು ಚಂದ್ರಕ್ಕ. ಕರೆಂಟು ಹೋಗದಿರಲಿ ಅಂತ ಮನಸ್ಸಿನಲ್ಲೇ ಶಿವನಾಮ ಹೇಳಿಕೊಂಡೆ. ಹೋಗಲಿಲ್ಲ. ಆ ಒಂದು ದಯೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ಮುದುಕ ಬಂದ. ಕರಿಯ ಬಂತು. ಆಮೇಲೆ ಚೌಕದ ಮೂಲೆಯಲ್ಲಿ ಅರಿಶಿನ ಬಣ್ಣದ ಕೋಟು, ಹುಣಸೆಬೀಜದಷ್ಟು.

"ಬಂದ್ಲು" ಅಂದರು ಚಂದ್ರಕ್ಕ. ಮುಖ ಕಾಣುವಷ್ಟು ದೊಡ್ಡದೇನಲ್ಲ. ಚಂದ್ರಕ್ಕ ನೋಡುತ್ತಿದ್ದದ್ದೂ ಮುಖವನ್ನಲ್ಲ.

"ಎಡ್ಗಾಲು ಎಳೀತಾವ್ಳೆ. ನಾ ಏಳ್ಲಿಲ್ವಾ? ನೋಡವ್ವ, ಎಳೀತಾವ್ಳೆ…"

ಹುಡುಗಿ ಕಾರಂಜಿಯ ತನಕ ಬಂದು ನಿಂತಳು. ನಾಯಿ ಓಡಿ ಬಂತು. ಅವಳು ಅಲ್ಲೇ, ನಮ್ಮೂರ ಬೀದಿಯಲ್ಲಿ ಕೂತ ಹಾಗೆ ಕುಕ್ಕರಗಾಲಲ್ಲಿ ಕೂತು, ಕರಿಯನ ತಲೆ ಸವರಿ, ಎದ್ದು ನಿಂತು, ನಡೆದು ಹೋದಳು.

"ಕುಂತು ಎದ್ಲು!" ಚಂದ್ರಕ್ಕ ನನ್ನ ಕೈ ಹಿಡಿದುಕೊಂಡರು. "ಏನೂ ಇಡ್ಕೊಳ್ದೆ ಎದ್ಲು! ನೋಡುದ್ಯಾ? ನನ್ ಕೈಲಿ ಆಗಾಕಿಲ್ಲ ಅಂಗೆ! ಕಾಲು ಕೂಡದೆ ಕಣವ್ವ, ಕಾಲು ಕೂಡದೆ!" ಅನ್ನುತ್ತಾ, ಬೆಳಗ್ಗೆಯಿಂದ ಮುಚ್ಚಿಟ್ಟಿದ್ದ ಮುದ್ದೆಯ ತಟ್ಟೆಗೆ ಕೈ ಹಾಕಿದರು.

ಅಷ್ಟರಲ್ಲಿ ಮಹಡಿಯಿಂದ ಕೂಗು. "ಕಾಣ್ತಾ? ಬಂದ್ಲಾ?"

ನಾನು ಓಡಿ ಹೋಗಿ ಮೆಟ್ಟಿಲು ಹತ್ತಿದೆ. ಭಾವ ಕಂಪ್ಯೂಟರಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ಪರದೆಯ ಮೇಲೆ ಚೌಕವಿಲ್ಲ, ಕಾರಂಜಿಯಿಲ್ಲ. ಆ ಸರಿ ಗುರುತು ಹಾಕಿದ ಚಿಕ್ಕ ಪೆಟ್ಟಿಗೆ ಮಾತ್ರ.

"ಇದರಲ್ಲೇ ನೋಡೋದಲ್ವಾ ಭಾವ?"

"ಇದು ಮುದಿಯಂತ್ರ ಕಣಮ್ಮ. ಇದರಲ್ಲಿ ನೋಡಕ್ಕೆ ಹೋದ್ರೆ ಕೆಳಗೆ ಎಲ್ರಿಗೂ ನಿಂತೋಯ್ತದೆ."

"ನಿಮ್ಮ ಫೋನು?"

"ಎಂಟು ಸೀಟೂ ಭರ್ತಿ. ಕಂಡಕ್ಟರಿಗೆ ಯಾಕಮ್ಮ ಸೀಟು?"

ಆ ಭಾನುವಾರದಿಂದ ಇಲ್ಲಿಯ ತನಕ, ಬೀದಿಯವರೆಲ್ಲ ನೋಡಿದ ಆ ಚೌಕವನ್ನು ಅವರೊಬ್ಬರು ಒಂದು ಸಲವೂ ನೋಡಿರಲಿಲ್ಲ.

"ಹೆಂಗೆ ನಡೀತಾಳಮ್ಮ?" ಅಂದರು. "ಓಡ್ತಿದ್ಲಲ್ಲ, ಆ ಮಗ."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಬಾಗಿಲಿಂದ ಶುರುಮಾಡಿ, ಎಡಗಾಲನ್ನು ಸ್ವಲ್ಪ ಎಳೆದು, ಬಲಗಾಲನ್ನು ನೆಟ್ಟಗಿಟ್ಟು, ಆ ಕೋಣೆಯಲ್ಲಿ ನಡೆದೆ. ಅಕ್ಕಿ ಡ್ರಮ್ಮಿನ ಹತ್ತಿರ ನಿಂತೆ. ಕುಕ್ಕರಗಾಲಲ್ಲಿ ಕೂತು, ಇಲ್ಲದ ನಾಯಿಯ ತಲೆ ಸವರಿದೆ. ಮಂಡಿ ಎರಡೂ ಲಟಕ್ಕೆಂದರೂ ಏನನ್ನೂ ಹಿಡಿಯದೆ ಎದ್ದೆ. ಎದ್ದು ಕಿಟಕಿಯ ತನಕ ನಡೆದು ತಿರುಗಿದೆ.

ಭಾವ ನನ್ನ ಕಾಲನ್ನೇ ನೋಡುತ್ತಿದ್ದರು. ಆಮೇಲೆ ಕೈ ಚಾಚಿ ಕಂಪ್ಯೂಟರಿನ ಮಗ್ಗುಲಿಗೆ ಮೆತ್ತಗೆ ಎರಡು ಸಲ ಬಡಿದರು.

"ರೈಟ್, ರೈಟ್."